ಒಂದು ಗಂಟೆಗೆ ತಿರುಗಬೇಕಿದ್ದ ದೋಣಿ

ಈ ಪ್ರಕರಣದಲ್ಲಿ ಯಾರ ಜೀವಕ್ಕೂ ಅಪಾಯವಾಗಲಿಲ್ಲ, ದೋಣಿಯೂ ಮುಳುಗಲಿಲ್ಲ. ನಷ್ಟದ ಪಟ್ಟಿ ಚಿಕ್ಕದು: ಒಂದು ಟೊಪ್ಪಿಗೆ, ಮುಂದಿನ ಹಾಯಿಯ ಅಂಚಿನಲ್ಲಿ ಒಂದು ಗೇಣು ಹರಿದದ್ದು, ದಾವಣಗೆರೆಯಿಂದ ತಂದಿದ್ದ ಒಂದು ಚೀಲ ಮಂಡಕ್ಕಿ. ಇಷ್ಟಕ್ಕೆ ಬರೆಯುವುದೇಕೆ ಎಂದು ದೋಣಿಯ ಯಜಮಾನರೇ ಕೇಳಿದರು. ದೊಡ್ಡ ಅನಾಹುತವಾದರೆ ಎಲ್ಲರೂ ಕೊನೆಯ ಕ್ಷಣವನ್ನೇ ನೋಡುತ್ತಾರೆ, ಅದಕ್ಕೆ ಮೊದಲಿನ ನಾಲ್ಕು ಗಂಟೆಗಳನ್ನು ನೋಡುವುದಿಲ್ಲ ಎಂದೆ. ಅವರು ಒಪ್ಪಿದರು. ಹೆಸರು ಹಾಕಬಾರದು, ಹೊರಟ ಬಂದರನ್ನೂ ಹೇಳಬಾರದು ಎಂಬ ಕರಾರಾಯಿತು. ಉತ್ತರ ಕನ್ನಡದ ಕರಾವಳಿಯಲ್ಲಿ ಖಾಸಗಿ ಹಾಯಿದೋಣಿಗಳು ಬೆರಳೆಣಿಕೆಯಷ್ಟು. ನದಿ ಸಮುದ್ರ ಸೇರುವ ಅಳಿವೆಯ ಹೆಸರು ಹೇಳಿದರೆ ದೋಣಿ ಯಾರದೆಂದು ಹೇಳಿದಂತೆಯೇ.

ನಾನು ಆ ದಿನ ದೋಣಿಯಲ್ಲಿರಲಿಲ್ಲ. ಚಿತ್ರದುರ್ಗದಲ್ಲಿ ನನ್ನ ಮನೆಯ ಮಾಳಿಗೆಯ ಮೇಲಿದ್ದೆ. ದಡದ ಕಾವಲುಗಾರ ನಾನು: ಹೊರಟವರು ಹೇಳಿದ ಹೊತ್ತಿಗೆ ಕರೆ ಮಾಡದಿದ್ದರೆ ಮುಂದಿನ ಹೆಜ್ಜೆ ಇಡಬೇಕಾದವನು. ಸಮುದ್ರದಿಂದ ಇಷ್ಟು ದೂರದ ಕಲ್ಲುಬೆಟ್ಟಗಳ ಊರಿನಲ್ಲಿ ಕುಳಿತು ಈ ಕೆಲಸ ಮಾಡುವುದು ತಮಾಷೆಯೆನಿಸಬಹುದು. ಆದರೆ ಈ ಕೆಲಸಕ್ಕೆ ಬೇಕಾದದ್ದು ಸಮುದ್ರವಲ್ಲ, ಗಡಿಯಾರ. ನನ್ನ ಪಾಲಿನ ತಪ್ಪೂ ಈ ಕಥೆಯಲ್ಲಿದೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ದೋಣಿ ಮತ್ತು ಮೂವರು

ದೋಣಿ 26 ಅಡಿ ಉದ್ದದ್ದು. ಫೈಬರ್ ಗಾಜಿನ ಮೈ, ಹಾಯಿ ಏರಿಸಲು ಒಂದೇ ಕಂಬ (ಕೂವೆ), ಎರಡು ಹಾಯಿ. ಕೂವೆಯ ಹಿಂದೆ ಬೂಮಿಗೆ, ಅಂದರೆ ಕೂವೆಯಿಂದ ಹಿಂದಕ್ಕೆ ಅಡ್ಡಲಾಗಿ ಚಾಚಿದ ತೊಲೆಗೆ, ಕಟ್ಟಿದ ದೊಡ್ಡ ಹಾಯಿ. ಮುಂದೆ ಚಾಪೆಯಂತೆ ಸುತ್ತಿ ಬಿಚ್ಚಬಹುದಾದ ಮುಂದಿನ ಹಾಯಿ. ಎರಡೂ ಸೇರಿ ಸುಮಾರು 30 ಚದರ ಮೀಟರ್ ಬಟ್ಟೆ. ಒಳಗೆ ನಾಲ್ವರು ಮಲಗುವಷ್ಟು ಜಾಗ, ಒಂದು ಒಲೆ. ಹಿಂಭಾಗದಲ್ಲಿ ಹೊರಗೆ ತೂಗುಹಾಕಿದ 8 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಗಾಳಿ ಹೆಚ್ಚಾದಾಗ ದೊಡ್ಡ ಹಾಯಿಯನ್ನು ಸ್ವಲ್ಪ ಇಳಿಸಿ, ಕೆಳಭಾಗವನ್ನು ಬೂಮಿಗೆ ಬಿಗಿದು ಚಿಕ್ಕದು ಮಾಡಲು ಎರಡು ಹಂತಗಳಿದ್ದವು. ಇದಕ್ಕೆ ರೀಫ್ ಎನ್ನುತ್ತಾರೆ. ಎರಡನೆಯ ಹಂತದ ಹಗ್ಗವನ್ನು ಹಾಯಿ ತೊಳೆಯುವಾಗ ಬಿಚ್ಚಿದವರು ಮತ್ತೆ ಪೋಣಿಸಿರಲಿಲ್ಲ. "ಅದು ಬೇಕಾಗುವಷ್ಟು ಗಾಳಿಯಿದ್ದರೆ ನಾವು ಹೊರಡುವುದೇ ಇಲ್ಲವಲ್ಲ" ಎಂಬುದು ಅದಕ್ಕೆ ಕೊಟ್ಟ ಸಮಾಧಾನ.

ಯಜಮಾನರು ದಾವಣಗೆರೆಯವರು. ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತರಾದವರು. ಸಮುದ್ರ ಅವರಿಗೆ ಹೊಸದಲ್ಲ, ಆದರೆ ಅವರು ಕಂಡ ಸಮುದ್ರ ಎಂಜಿನ್ ಕೋಣೆಯ ಸಮುದ್ರ. ಕಷ್ಟ ಬಂದರೆ ಅವರ ಕೈ ಮೊದಲು ಹೋಗುವುದು ಎಂಜಿನ್ ಕಡೆಗೆ. ಎರಡನೆಯವರು ಹಿರಿಯೂರು ಕಡೆಯ ನಿವೃತ್ತ ಮೇಷ್ಟರು. ವಾಣಿ ವಿಲಾಸ ಸಾಗರದ ದಡದಲ್ಲಿ ಬೆಳೆದವರು; 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಮೂರು ದಿನ ಅಲ್ಲಿಯೇ ಬೀಡುಬಿಟ್ಟಿದ್ದರಂತೆ. ಆಷಾಢದ ಗಾಳಿ ಆ ಹಿನ್ನೀರಿನ ಮೇಲೆ ಎಬ್ಬಿಸುವ ಗಿಡ್ಡ, ಚೂಪು ಅಲೆಗಳನ್ನು ಕಂಡಿದ್ದರಿಂದ ತಮಗೆ ಅಲೆ ಗೊತ್ತು ಎಂಬ ನಂಬಿಕೆ ಅವರದು. ಮೂರನೆಯವಳು ಚಿತ್ರದುರ್ಗದ ಸುತ್ತಲಿನ ಗಾಳಿಯಂತ್ರಗಳ ನಿರ್ವಹಣೆಯಲ್ಲಿ ಏಳು ವರ್ಷ ಕೆಲಸ ಮಾಡಿದ ತಂತ್ರಜ್ಞೆ. ವಯಸ್ಸಿನಲ್ಲಿ ಇಬ್ಬರಿಗಿಂತ ಮೂವತ್ತು ವರ್ಷ ಕಿರಿಯಳು, ಹಾಯಿಯ ಅನುಭವದಲ್ಲಿ ಮೇಷ್ಟರಿಗೆ ಸಮ. ಈ ವಯಸ್ಸಿನ ಅಂತರವನ್ನು ನೆನಪಿಡಬೇಕು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಕೀಲಿ ಅದರಲ್ಲೇ ಇದೆ.

ಬೆಳಗಿನ ಯೋಜನೆ

ಫೆಬ್ರುವರಿಯ ಕೊನೆಯ ವಾರ. ಆ ಕಾಲದಲ್ಲಿ ಕರಾವಳಿಯ ದಿನಚರಿ ಒಂದು ಲೆಕ್ಕಕ್ಕೆ ಬದ್ಧವಾಗಿರುತ್ತದೆ. ರಾತ್ರಿಯಿಂದ ಬೆಳಗಿನವರೆಗೆ ನೆಲದಿಂದ ಸಮುದ್ರಕ್ಕೆ ಮೆಲ್ಲಗೆ ಮೂಡುಗಾಳಿ. ನಡುವೆ ಒಂದೆರಡು ತಾಸು ನಿಶ್ಚಲ. ನೆಲ ಕಾದ ಮೇಲೆ ವಾಯವ್ಯದಿಂದ ಸಮುದ್ರದ ಗಾಳಿ ಎದ್ದು, ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಉಚ್ಚಕ್ಕೆ ಏರಿ, ಸೂರ್ಯ ಮುಳುಗಿದ ಮೇಲೆ ಇಳಿಯುತ್ತದೆ. ಆ ವಾರ ಅರಬ್ಬೀ ಸಮುದ್ರದ ಉತ್ತರ ಭಾಗದಲ್ಲೇ ವಾಯವ್ಯ ಗಾಳಿ ಜೋರಾಗಿತ್ತು. ಅಂದರೆ ಮಧ್ಯಾಹ್ನದ ಗಾಳಿ ಅದರ ಮೇಲೆ ಇನ್ನೊಂದು ಪದರವಾಗಿ ಕೂರುವುದಿತ್ತು. ಮುನ್ಸೂಚನೆ 18ರಿಂದ 20 ನಾಟ್ ಎಂದಿತ್ತು, ಗಂಟೆಗೆ 33ರಿಂದ 37 ಕಿಲೋಮೀಟರ್. ಅದು ಸರಾಸರಿ. ನಡುನಡುವೆ ಬರುವ ರಭಸ ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಾದರೂ ಆಶ್ಚರ್ಯವಿಲ್ಲ.

ನನ್ನ ತಪ್ಪು ಇಲ್ಲಿದೆ. ಬೆಳಿಗ್ಗೆ ಆರೂವರೆಗೆ ಯಜಮಾನರಿಗೆ ಕರೆ ಮಾಡಿ, "ಇಪ್ಪತ್ತರವರೆಗೂ ಹೋಗಬಹುದು ಎನ್ನುತ್ತಿದ್ದಾರೆ, ಆದರೂ ನಿಮಗೆ ಗೊತ್ತಲ್ಲ" ಎಂದೆ. ಈ "ಆದರೂ ನಿಮಗೆ ಗೊತ್ತಲ್ಲ" ಎಂಬ ಬಾಲ ಅನಗತ್ಯವಾಗಿತ್ತು. ಹಿರಿಯರಿಗೆ ಬುದ್ಧಿ ಹೇಳಿದಂತಾಗಬಾರದೆಂದು ಸೇರಿಸಿದ್ದು. ಸಂಖ್ಯೆಯನ್ನು ಹೇಳಿ, ಅದರ ಹಲ್ಲನ್ನು ನಾನೇ ಕಿತ್ತು ಕೊಟ್ಟೆ.

ಯೋಜನೆಯ ಹಾಳೆಯಲ್ಲಿ ಬರೆದದ್ದು ಸ್ಪಷ್ಟವಾಗಿತ್ತು: 7.30ಕ್ಕೆ ಹೊರಡುವುದು, ಗಾಳಿ ಎದ್ದ ಮೇಲೆ ಆಗ್ನೇಯಕ್ಕೆ ಹಾಯಿ ಬಿಚ್ಚಿ ಸಾಗುವುದು, 1 ಗಂಟೆಗೆ ತಿರುಗುವುದು, 4 ಗಂಟೆಗೆ ನನಗೆ ಕರೆ, ಕತ್ತಲಾಗುವ ಮೊದಲು ವಾಪಸು. 7 ಗಂಟೆಯವರೆಗೂ ಸುದ್ದಿ ಇಲ್ಲದಿದ್ದರೆ ನಾನು ಕರಾವಳಿ ಕಾವಲು ಪಡೆಯ 1554ಕ್ಕೆ ಫೋನ್ ಮಾಡಬೇಕು.

ಬೆನ್ನಿಗೆ ಬಂದ ಗಾಳಿ

ಹಾಯಿ ಬಿಚ್ಚಿದ್ದು 11.15ಕ್ಕೆ. ಒಂದು ಗಂಟೆಯ ಹೊತ್ತಿಗೆ ಬಂದರಿನಿಂದ ಸುಮಾರು 6 ನಾಟಿಕಲ್ ಮೈಲಿ (11 ಕಿಲೋಮೀಟರ್) ಕೆಳಗೆ, ಅಂದರೆ ಗಾಳಿ ತಳ್ಳುವ ಕಡೆಗೆ, ಇದ್ದರು. ಬಿಸಿಲು ಹಿತವಾಗಿತ್ತು, ದೋಣಿ ನೆಟ್ಟಗಿತ್ತು, ಮೇಷ್ಟರು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದರು. ತಿರುಗುವ ಮಾತನ್ನು ಯಾರೂ ಎತ್ತಲಿಲ್ಲ. ಯಜಮಾನರು ನಂತರ ಹೇಳಿದ್ದು: "ಗಡಿಯಾರ ನೋಡಿದ್ದೆ. ಹೊಟ್ಟೆ ತುಂಬ ಉಂಡವನು ಇನ್ನೊಂದು ಹೋಳಿಗೆ ಬಡಿಸಿದರೆ ಬೇಡ ಎನ್ನದಿರುವಂತೆ ಸುಮ್ಮನಾದೆ."

ಆಮೇಲಿನ ಒಂದೂವರೆ ಗಂಟೆಯಲ್ಲಿ ಅವರು ಇನ್ನೂ 9 ಮೈಲಿ ಇಳಿದರು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದಿಂದ ಸೈಕಲ್ ಇಳಿಸಿದವನಿಗೆ ದಾರಿಯ ಉದ್ದ ಗೊತ್ತಾಗುವುದು ಹತ್ತುವಾಗ. ಹಾಯಿದೋಣಿ ಗಾಳಿಯ ಎದುರಿಗೆ ನೇರವಾಗಿ ಹೋಗಲಾರದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಏರಬೇಕು. ಎದುರು ಅಲೆಯಲ್ಲಿ ಈ ಗಾತ್ರದ ದೋಣಿ ಗಂಟೆಗೆ ಎರಡೂವರೆ ಮೈಲಿ ಮೇಲೇರಿದರೆ ಅದೇ ಪುಣ್ಯ. ಒಂದು ಗಂಟೆಗೆ ತಿರುಗಿದ್ದರೆ ಎರಡೂವರೆ ತಾಸಿನ ದಾರಿ. ಎರಡೂವರೆಗೆ ತಿರುಗಿದ್ದರಿಂದ ಆರು ತಾಸಿನ ದಾರಿ.

ಇದರ ನಡುವೆ ಗಾಳಿ ಏರುತ್ತಿತ್ತು. ಮೂವರಲ್ಲಿ ಇಬ್ಬರಿಗೆ ಅದು ತಿಳಿಯಲಿಲ್ಲ ಎಂದರೆ ಕೆಲವರು ನಂಬುವುದಿಲ್ಲ, ಆದರೆ ತಿಳಿಯದಿರುವುದೇ ಸಹಜ. 20 ನಾಟ್ ಗಾಳಿ ಬೆನ್ನಿಗಿದ್ದು, ದೋಣಿ ಅದರ ಜೊತೆಗೇ ಆರೂವರೆ ನಾಟ್ ಓಡುತ್ತಿದ್ದರೆ ಮೈಗೆ ತಾಗುವ ಗಾಳಿ ಹದಿಮೂರೂವರೆ ಮಾತ್ರ. ಅಲೆಗಳೂ ಹಾಗೆಯೇ. ಗಾಳಿ ಹೋಗುವ ದಿಕ್ಕಿಗೆ ನೋಡುವವರಿಗೆ ಅಲೆಗಳ ಬೆನ್ನು ಕಾಣುತ್ತದೆ, ಒಡೆದ ಬಿಳಿ ನೊರೆಯ ಮುಖ ಕಾಣುವುದಿಲ್ಲ. ಹಿಂದಕ್ಕೆ ತಿರುಗಿ ನೋಡಿದರೆ ಮಾತ್ರ ಸಮುದ್ರ ಬೇರೆಯದೇ ಆಗಿರುತ್ತದೆ.

ಹಿಂದಕ್ಕೆ ನೋಡುತ್ತಿದ್ದವಳು ತಂತ್ರಜ್ಞೆ. ಅವಳ ಕೈಯಲ್ಲಿ ಅಂಗೈಯಗಲದ ಗಾಳಿಮಾಪಕವಿತ್ತು. 1.40ಕ್ಕೆ ಅವಳು ಕೇಳಿದಳು, "ಸರ್, ಒಂದು ರೀಫ್ ಹಾಕೋಣವೇ?"

"ಎಷ್ಟು ತೋರಿಸುತ್ತಿದೆ?"

"ಹದಿಮೂರು."

"ಹದಿಮೂರಕ್ಕೆ ಯಾರು ಹಾಕುತ್ತಾರೆ? ಇರಲಿ ಬಿಡಮ್ಮ."

ಆ ಹದಿಮೂರಕ್ಕೆ ದೋಣಿಯ ವೇಗವನ್ನು ಕೂಡಿಸಬೇಕೆಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಹೇಳಲಿಲ್ಲ. ಏಕೆ ಎಂದು ಚಿತ್ರದುರ್ಗದಲ್ಲಿ ನಾಲ್ವರೂ ಕುಳಿತಾಗ ನಾನು ಕೇಳಿದೆ. "ಸರ್ ಚುಕ್ಕಾಣಿ ಹಿಡಿದು ಅಷ್ಟು ಖುಷಿಯಾಗಿದ್ದರು. ಮೇಷ್ಟರು ನಗುತ್ತಿದ್ದರು. ನಾನೊಬ್ಬಳೇ ಹೆದರಿದಂತೆ ಕಾಣುತ್ತದೆ ಎನಿಸಿತು" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದಳು: "ನಮ್ಮ ಗಾಳಿಯಂತ್ರಕ್ಕೆ ನಾಚಿಕೆಯಿಲ್ಲ. ಇಷ್ಟು ಗಾಳಿ ಎಂದ ಕೂಡಲೇ ರೆಕ್ಕೆಯನ್ನು ಓರೆ ಮಾಡಿ ಗಾಳಿಯನ್ನು ಬಿಟ್ಟುಬಿಡುತ್ತದೆ. ಸೆಕೆಂಡಿಗೆ 25 ಮೀಟರ್ ದಾಟಿದರೆ ನಿಂತೇಬಿಡುತ್ತದೆ. ಪಕ್ಕದ ಯಂತ್ರ ಏನೆಂದುಕೊಂಡೀತು ಎಂದು ಯೋಚಿಸುವುದಿಲ್ಲ."

2.10ಕ್ಕೆ ಒಂದು ಅಲೆ ದೋಣಿಯ ಹಿಂಭಾಗವನ್ನು ಪಕ್ಕಕ್ಕೆ ಎತ್ತಿ ತಳ್ಳಿತು, ಗಾಳಿ ಹಾಯಿಯ ಹಿಂಬದಿಗೆ ಸಿಕ್ಕಿತು, ಬೂಮ್ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಗದೆಯಂತೆ ಬೀಸಿತು. ಯಜಮಾನರ ಟೊಪ್ಪಿಗೆ ಹೋಯಿತು, ತಲೆ ಉಳಿಯಿತು. ಎರಡಕ್ಕೂ ನಡುವೆ ಮೂರು ಬೆರಳು ಅಂತರವಿತ್ತು. ಬೂಮನ್ನು ಹಿಡಿದಿಡುವ ಹಗ್ಗವನ್ನು ಅವರು ಕಟ್ಟಿರಲಿಲ್ಲ. ಮೂವರೂ ನಕ್ಕರು. ಅದು ಭಯದ ನಗೆ ಎಂದು ಈಗ ಒಪ್ಪುತ್ತಾರೆ. ಮತ್ತೆ ಇಪ್ಪತ್ತು ನಿಮಿಷ ಅದೇ ಹಾಯಿಯಲ್ಲಿ, ಅದೇ ದಿಕ್ಕಿಗೆ ಓಡಿದರು.

ತಿರುಗಿದ ಮೇಲೆ

2.30ಕ್ಕೆ ಗಾಳಿಯೆದುರು ತಿರುಗಿದರು. ಗಾಳಿ ಅದೇ 20 ನಾಟ್. ಆದರೆ ಈಗ ದೋಣಿಯ ವೇಗ ಕಳೆಯುವ ಬದಲು ಕೂಡಿಕೊಂಡಿತು. ಮೈಗೆ ತಾಗುವ ಗಾಳಿ 23 ದಾಟಿತು. ಹದಿಮೂರೂವರೆಯಿಂದ ಇಪ್ಪತ್ತಮೂರೂವರೆ ಎಂದರೆ ಹತ್ತು ಹೆಚ್ಚು, ಅಷ್ಟೇ ತಾನೇ ಎನಿಸುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಯಿಯ ಮೇಲೆ ಬಿದ್ದ ಭಾರ ಒಂದೇ ನಿಮಿಷದಲ್ಲಿ ಮೂರು ಪಟ್ಟಾಯಿತು.

ದೋಣಿ ಪಕ್ಕಕ್ಕೆ ವಾಲಿ, ಕೆಳಮಗ್ಗುಲಿನ ಅಂಚು ನೀರಿಗೆ ಮುಟ್ಟಿತು. ಅಷ್ಟು ವಾಲಿದ ದೋಣಿಯ ಚುಕ್ಕಾಣಿ ಅರ್ಧ ನೀರಿನ ಹೊರಗಿರುತ್ತದೆ, ಹಿಡಿತ ಬಿಡುತ್ತದೆ. ದೋಣಿ ತಾನೇ ಗಾಳಿಯ ಕಡೆಗೆ ಮೂತಿ ತಿರುಗಿಸಲು ಹವಣಿಸುತ್ತದೆ. ಯಜಮಾನರು ಎರಡೂ ಕೈಯಿಂದ ಚುಕ್ಕಾಣಿಯ ಹಿಡಿ ಎಳೆದು ಹಿಡಿದರು. ಒಳಗೆ ಕಪಾಟು ತೆರೆದುಕೊಂಡು ಪಾತ್ರೆಗಳು ಬಿದ್ದವು. ಮಂಡಕ್ಕಿಯ ಚೀಲ ಒಡೆದು ದೋಣಿಯ ತುಂಬ ಹಾರಿತು. ಒದ್ದೆಯಾಗಿ ಎಲ್ಲದಕ್ಕೂ ಅಂಟಿಕೊಂಡ ಮಂಡಕ್ಕಿಯನ್ನು ಕೆರೆದು ತೆಗೆಯಲು ಮರುದಿನ ಎರಡು ತಾಸು ಬೇಕಾಯಿತಂತೆ. ಮೇಷ್ಟರು ವಾಂತಿ ಮಾಡಿಕೊಂಡು ಒಳಗೆ ನೆಲದ ಮೇಲೆ ಮಲಗಿದರು. ವಾಣಿ ವಿಲಾಸ ಸಾಗರದ ಅಲೆಯೆಂದರೆ ಕೆಲವೇ ಕಿಲೋಮೀಟರ್ ಓಡಿ ಬಂದದ್ದು. ಇದು ದಿನಗಟ್ಟಲೆ ತಳ್ಳಿಸಿಕೊಂಡು ಬಂದ ನೀರು. ಎತ್ತರವೂ ಬೇರೆ, ತೂಕವೂ ಬೇರೆ.

ಮೊದಲ ಪ್ರಯತ್ನ ಎಂಜಿನ್. ನಿರೀಕ್ಷಿಸಿದ್ದೇ. ಹಿಂಭಾಗಕ್ಕೆ ತೂಗುಹಾಕಿದ ಎಂಜಿನ್ನಿನ ಫ್ಯಾನ್ ಪ್ರತಿ ಅಲೆಗೂ ನೀರಿನಿಂದ ಹೊರಬಂದು ಬರಿ ಗಾಳಿಯಲ್ಲಿ ಕಿರುಚಿತು. ಹತ್ತು ನಿಮಿಷ ಈ ಗೋಳು ಕೇಳಿ ಯಜಮಾನರೇ ಆರಿಸಿದರು. "ಮೂವತ್ತು ವರ್ಷ ಎಂಜಿನ್ ಜೊತೆ ಬದುಕಿದವನು, ಅದು ಸಾಯುವ ಸದ್ದು ಗೊತ್ತು" ಎಂದರು. ಆರಿಸಿದ್ದು ಒಳ್ಳೆಯ ನಿರ್ಧಾರ. ರಾತ್ರಿ ಅದೇ ಎಂಜಿನ್ ಬೇಕಾಯಿತು.

ಎರಡನೆಯದು ಮುಂದಿನ ಹಾಯಿಯನ್ನು ಸುತ್ತುವುದು. ಅರ್ಧ ಸುತ್ತಿದ್ದೇ ಹಗ್ಗ ಸಿಕ್ಕಿಕೊಂಡಿತು. ಕಾರಣ ಬೆಳಿಗ್ಗೆಯೇ ಹುಟ್ಟಿತ್ತು. ಈ ಹಾಯಿಯನ್ನು ಬಿಚ್ಚುವಾಗ ಬುಡದ ಉರುಳೆಗೆ ಹಗ್ಗ ತಾನಾಗಿ ಸುತ್ತಿಕೊಳ್ಳುತ್ತದೆ. ಆಗ ಅದನ್ನು ಕೈಯಲ್ಲಿ ಸ್ವಲ್ಪ ಬಿಗಿಯಾಗಿ ಹಿಡಿದು ಬಿಡಬೇಕು. ಸುಮ್ಮನೆ ಬಿಟ್ಟರೆ ಸುರುಳಿಗಳು ಸಡಿಲವಾಗಿ ಬಿದ್ದು, ಭಾರ ಬಂದಾಗ ಒಂದರ ಕೆಳಗೊಂದು ನುಸುಳಿ ಕಚ್ಚಿಕೊಳ್ಳುತ್ತವೆ. ಬೆಳಿಗ್ಗೆ ಸುಮ್ಮನೆ ಬಿಟ್ಟಿದ್ದರು.

ಮೂರನೆಯದು ದೊಡ್ಡ ಹಾಯಿಗೆ ರೀಫ್. ಬಂದರಿನಲ್ಲಿ ನಾಲ್ಕು ನಿಮಿಷದ ಕೆಲಸ, ಇಲ್ಲಿ ಇಪ್ಪತ್ತೈದು ನಿಮಿಷ ಹಿಡಿಯಿತು. ಕೂವೆಯ ಬುಡಕ್ಕೆ ಹೋದವಳು ತಂತ್ರಜ್ಞೆ. ಗಾಳಿಯಂತ್ರದ ಗೋಪುರ ಹತ್ತುವವರ ಸೊಂಟಪಟ್ಟಿಗೆ ಎರಡು ಕೊಕ್ಕೆಗಳಿರುತ್ತವೆ. ಮುಂದಿನದನ್ನು ಸಿಕ್ಕಿಸುವವರೆಗೆ ಹಿಂದಿನದನ್ನು ಬಿಚ್ಚುವಂತಿಲ್ಲ. ಆ ಪಟ್ಟಿಯನ್ನು ಅವಳು ದೋಣಿಗೂ ತಂದಿದ್ದಳು. ಹೊರಡುವಾಗ ಯಜಮಾನರು ಅದನ್ನು ಕಂಡು ನಗೆಯಾಡಿದ್ದರಂತೆ. ಎರಡು ಸಲ ಅಲೆ ಅವಳ ಸೊಂಟದ ಮೇಲಿನವರೆಗೆ ಹಾಯ್ದು ಹೋಯಿತು, ಎರಡು ಸಲವೂ ಕನಿಷ್ಠ ಒಂದು ಕೊಕ್ಕೆ ಹಿಡಿದುಕೊಂಡಿತ್ತು.

ಮೊದಲ ರೀಫ್ ಆದ ಮೇಲೂ ದೋಣಿ ಭಾರವಾಗಿಯೇ ಇತ್ತು. ಎರಡನೆಯದಕ್ಕೆ ಹಗ್ಗವಿರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಅವರು ಏರಿದ್ದು ನಾಲ್ಕು ಮೈಲಿ; ಉಳಿದದ್ದು ಹನ್ನೊಂದು.

ಅಳಿವೆಯ ಆಸೆ

ಈಗ ಪೂರ್ವಕ್ಕೆ ಮೂರು ಮೈಲಿ ದೂರದಲ್ಲಿ ಒಂದು ಅಳಿವೆ ಕಾಣುತ್ತಿತ್ತು. ಒಳಗೆ ನದಿ, ತೆಂಗಿನ ತೋಟ, ಮೀನುದೋಣಿಗಳ ಜೆಟ್ಟಿ. ಗಾಳಿಯನ್ನು ಓರೆಯಾಗಿ ಬೆನ್ನಿಗೆ ತೆಗೆದುಕೊಂಡರೆ ಅರ್ಧ ತಾಸಿನ ದಾರಿ. ಮೇಷ್ಟರು ಒಳಗಿನಿಂದಲೇ, "ಅಲ್ಲಿಗೆ ಹೋಗಿಬಿಡೋಣ" ಎಂದರು. ಯಜಮಾನರೂ ತಯಾರಾಗಿದ್ದರು. ಮೂತಿಯನ್ನು ಅತ್ತ ತಿರುಗಿಸಿಯೂ ಆಗಿತ್ತು.

ಇಡೀ ದಿನದ ಅತ್ಯಂತ ಅಪಾಯಕಾರಿ ಕ್ಷಣ ಇದೇ, ಟೊಪ್ಪಿಗೆ ಹಾರಿದ್ದಲ್ಲ. ನಮ್ಮ ಕರಾವಳಿಯ ಬಹುತೇಕ ನದಿಗಳ ಬಾಯಲ್ಲಿ ಮರಳಿನ ದಿಬ್ಬವಿರುತ್ತದೆ. ಹೊನ್ನಾವರದಲ್ಲಿ ಶರಾವತಿಯ ಅಳಿವೆಯ ದಿಬ್ಬ ಎಷ್ಟು ಮೀನುದೋಣಿಗಳನ್ನು ಮಗುಚಿದೆ ಎಂದು ಅಲ್ಲಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ದಿಬ್ಬದ ಮೇಲೆ ಆಳ ಕಡಿಮೆ, ಅಲೆ ಎದ್ದು ಒಡೆಯುತ್ತದೆ. ಇಳಿತದ ಹೊತ್ತಾದರೆ ನದಿಯ ನೀರು ಹೊರಗೆ ನುಗ್ಗುತ್ತಿರುತ್ತದೆ, ಒಳಬರುವ ಅಲೆಗೆ ಎದುರು ಬೀಳುತ್ತದೆ, ಅಲೆ ಇನ್ನೂ ಕಡಿದಾಗುತ್ತದೆ. ಹಿಂದಿನಿಂದ ಅಂಥ ಅಲೆ ಎತ್ತಿಕೊಂಡ ಸಣ್ಣ ದೋಣಿ ಅಡ್ಡ ತಿರುಗಿ ಉರುಳಲು ಒಂದು ಅಲೆ ಸಾಕು. ಇನ್ನೂ ಕೆಟ್ಟದ್ದೆಂದರೆ, ಸಮುದ್ರದ ಕಡೆಯಿಂದ ನೋಡುವವರಿಗೆ ಇದಾವುದೂ ಕಾಣುವುದಿಲ್ಲ. ಮತ್ತೆ ಅದೇ ಅಲೆಯ ಬೆನ್ನು.

ಆ ದಿನ ಇಳಿತದ ಕೊನೆ ಸಂಜೆ 5.40ಕ್ಕೆ ಇತ್ತು. ನಾಲ್ಕು ಗಂಟೆಗೆ ಅಳಿವೆಯಲ್ಲಿ ನೀರು ಹೊರಕ್ಕೆ ಓಡುತ್ತಿತ್ತು.

ತಂತ್ರಜ್ಞೆ ಈ ಸಲ ಪ್ರಶ್ನೆ ಕೇಳಲಿಲ್ಲ. "ಸರ್, ಇಳಿತ. ಅಳಿವೆ ಬೇಡ. ದೋಣಿ ಇಲ್ಲಿಯೇ ನಿಲ್ಲಿಸೋಣ" ಎಂದಳು. ಹಿಂದಿನ ದಿನ ಜೆಟ್ಟಿಯಲ್ಲಿ ಬಲೆ ಹೆಣೆಯುತ್ತಿದ್ದ ಒಬ್ಬರು, ಯಾರೂ ಕೇಳದಿದ್ದರೂ, "ಗಾಳಿ ಇದ್ದಾಗ ಇಳಿತದಲ್ಲಿ ಯಾವ ಅಳಿವೆಗೂ ಬರಬೇಡಿ, ಹೊರಗೇ ಇರಿ" ಎಂದಿದ್ದರು. ಅದು ಅವಳ ತಲೆಯಲ್ಲಿ ಉಳಿದಿತ್ತು. ಯಜಮಾನರ ತಲೆಯಲ್ಲಿಯೂ ಉಳಿದಿತ್ತು ಎಂದು ನಂತರ ಗೊತ್ತಾಯಿತು. ಮೇಷ್ಟರ ಸ್ಥಿತಿ ನೋಡಿ ಅವರು ಅದನ್ನು ಮರೆಯಲು ಯತ್ನಿಸುತ್ತಿದ್ದರು. ಬೇರೊಬ್ಬರ ಬಾಯಲ್ಲಿ ಬಂದ ಕೂಡಲೇ ಮರೆಯುವುದು ಅಸಾಧ್ಯವಾಯಿತು. ಒಂದು ನಿಮಿಷ ಸುಮ್ಮನಿದ್ದು, "ಆಗಲಮ್ಮ" ಎಂದರು.

ನಿಂತ ದೋಣಿ

ಹಾಯಿದೋಣಿಯನ್ನು ನಡುನೀರಿನಲ್ಲಿ ನಿಲ್ಲಿಸುವ ಈ ಉಪಾಯ ಬಹಳ ಹಳೆಯದು. ಗಾಳಿಗೆ ಓರೆಯಾಗಿ ಏರುತ್ತಿರುವಾಗ ಮಗ್ಗುಲು ಬದಲಿಸಬೇಕು, ಆದರೆ ಮುಂದಿನ ಹಾಯಿಯ ಹಗ್ಗವನ್ನು ಬಿಚ್ಚಬಾರದು. ಆಗ ಮುಂದಿನ ಹಾಯಿ ತಪ್ಪು ಮಗ್ಗುಲಿಗೆ ಉಬ್ಬಿ ಮೂತಿಯನ್ನು ಗಾಳಿಯಿಂದ ಆಚೆಗೆ ತಳ್ಳುತ್ತದೆ. ದೊಡ್ಡ ಹಾಯಿ ಮತ್ತು ಕಟ್ಟಿಹಾಕಿದ ಚುಕ್ಕಾಣಿ ಅದನ್ನು ಗಾಳಿಯ ಕಡೆಗೆ ತರುತ್ತವೆ. ಎರಡೂ ಜಗಳವಾಡಿ ಸೋತು, ದೋಣಿ ಗಾಳಿಗೆ ಓರೆಯಾಗಿ ನಿಂತು ಮೆಲ್ಲಗೆ ಪಕ್ಕಕ್ಕೆ ಜಾರುತ್ತದೆ. ಚುಕ್ಕಾಣಿಯ ಹಿಡಿಯನ್ನು ಗಾಳಿಯಿಂದ ದೂರದ ಮಗ್ಗುಲಿಗೆ ಕಟ್ಟಬೇಕು.

ಯಾವ ಮಗ್ಗುಲಲ್ಲಿ ನಿಲ್ಲಬೇಕೆಂಬುದು ಮುಖ್ಯ. ಗಾಳಿ ವಾಯವ್ಯ, ದಡ ಪೂರ್ವಕ್ಕೆ. ಗಾಳಿಯನ್ನು ಎಡಮಗ್ಗುಲಿಗೆ ತೆಗೆದುಕೊಂಡರೆ ಮೂತಿ ಉತ್ತರಕ್ಕೆ, ದಡದ ಓರೆಗೆ. ಬಲಮಗ್ಗುಲಿಗೆ ತೆಗೆದುಕೊಂಡರೆ ಮೂತಿ ಪಶ್ಚಿಮಕ್ಕೆ, ತೆರೆದ ಸಮುದ್ರಕ್ಕೆ. ಅವರು ಬಲಮಗ್ಗುಲನ್ನು ಆರಿಸಿದರು. ಪಕ್ಕಕ್ಕೆ ಜಾರುವುದು ಆಗ್ನೇಯಕ್ಕೆ, ಮುಂದಕ್ಕೆ ತೆವಳುವುದು ಪಶ್ಚಿಮಕ್ಕೆ. ಕೂಡಿದರೆ ದಡಕ್ಕೆ ಹೆಚ್ಚುಕಡಿಮೆ ಸಮಾನಾಂತರ. ಮೊಬೈಲಿನ ನಕ್ಷೆಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಗುರುತು ಹಾಕಿದರು. ಗಂಟೆಗೆ ಒಂದೂವರೆ ಮೈಲಿ ಜಾರುತ್ತಿತ್ತು. ಸಮಯವಿತ್ತು.

4.15ಕ್ಕೆ ದೋಣಿ ನಿಂತಿತು. ಆಗ ಏನಾಯಿತೆಂದು ಮೂವರೂ ಒಂದೇ ಮಾತು ಹೇಳುತ್ತಾರೆ: ಸದ್ದು ನಿಂತಿತು. ಗಾಳಿ ಅಷ್ಟೇ ಇತ್ತು, ಅಲೆ ಅಷ್ಟೇ ಇತ್ತು, ಆದರೆ ಹೊಡೆತ ತಪ್ಪಿತ್ತು. ಮೇಷ್ಟರು ಎದ್ದು ಕುಳಿತು ಫ್ಲಾಸ್ಕಿನ ಚಹಾ ಕುಡಿದರು. ಸಿಕ್ಕಿಕೊಂಡಿದ್ದ ಹಗ್ಗವನ್ನು ತಂತ್ರಜ್ಞೆ ಕಾಲು ತಾಸಿನಲ್ಲಿ ಬಿಡಿಸಿದಳು. ಎರಡನೆಯ ರೀಫಿಗೆ ಒಂದು ಬಿಡಿ ಹಗ್ಗವನ್ನು ಪೋಣಿಸಿ ಕಟ್ಟಿದರು. ಅದಕ್ಕೆ ಆರು ನಿಮಿಷ. ಮುಂದಿನ ಹಾಯಿಯ ಅಂಚು ಕೂವೆಯ ತಂತಿಗೆ ಉಜ್ಜಿ ಹರಿಯತೊಡಗಿತ್ತು. ಮೇಷ್ಟರ ಪಂಚೆಯನ್ನು ತಂತಿಗೆ ಸುತ್ತಿದರು.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಕಲಿಯಬೇಕಾದದ್ದು ಕ್ರಮ. ಅವರು ಎಂಜಿನ್, ಸುತ್ತುವ ಹಗ್ಗ, ರೀಫ್ ಎಲ್ಲವನ್ನೂ ದೋಣಿ ಓಡುತ್ತಿರುವಾಗಲೇ ಮಾಡಲು ಹೋಗಿ, ಕೊನೆಗೆ ದೋಣಿಯನ್ನು ನಿಲ್ಲಿಸಿದರು. ಮೊದಲು ನಿಲ್ಲಿಸಿದ್ದರೆ ಉಳಿದದ್ದೆಲ್ಲ ಅರ್ಧ ತಾಸಿನ ಕೆಲಸ. ನಿಲ್ಲಿಸುವುದನ್ನು ಸೋಲಿನ ನಂತರದ ಉಪಾಯವೆಂದು ಪಟ್ಟಿಯ ಕೊನೆಯಲ್ಲಿಟ್ಟಿದ್ದರು. ಯಜಮಾನರು ಇದಕ್ಕೆ ತಕರಾರು ತೆಗೆಯುತ್ತಾರೆ: 2.40ಕ್ಕೆ ನಿಲ್ಲಿಸಿದ್ದರೆ ಇನ್ನೂ ಒಂದೂವರೆ ತಾಸು ಹೆಚ್ಚು ಕೆಳಕ್ಕೆ ಜಾರುತ್ತಿದ್ದೆವಲ್ಲ ಎಂದು. ಅಷ್ಟು ಹೊತ್ತು ನಿಲ್ಲಬೇಕಿರಲಿಲ್ಲ. ಅರ್ಧ ತಾಸಿನಲ್ಲಿ ಎರಡೂ ರೀಫ್ ಮುಗಿಸಿ, ಚಿಕ್ಕ ಹಾಯಿಯಲ್ಲಿ ನೆಟ್ಟಗೆ ಏರಬಹುದಿತ್ತು. ನಾವಿಬ್ಬರೂ ಇದರಲ್ಲಿ ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಮಾಳಿಗೆಯ ಮೇಲೆ

ನಾಲ್ಕು ಗಂಟೆಗೆ ಕರೆ ಬರಲಿಲ್ಲ. ನಾಲ್ಕೂವರೆಗೆ, ಐದಕ್ಕೆ ನಾನೇ ಮಾಡಿದೆ. ಮೂವರ ಫೋನೂ ಸಿಗಲಿಲ್ಲ. ದಡದಿಂದ ಕೆಲವು ಮೈಲಿ ಆಚೆ ಸಂಕೇತ ಬಂದು ಹೋಗುತ್ತಿರುತ್ತದೆ ಎಂಬುದು ಗೊತ್ತಿದ್ದದ್ದೇ. ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳ ರೆಕ್ಕೆಗಳು ಸೋಮಾರಿಯಾಗಿ ತಿರುಗುತ್ತಿದ್ದವು. ಆ ಗಾಳಿಗೂ ಈ ಗಾಳಿಗೂ ಸಂಬಂಧವಿಲ್ಲವೆಂದು ತಿಳಿದಿದ್ದರೂ ಅವುಗಳನ್ನು ನೋಡಿ ಸಮಾಧಾನ ಮಾಡಿಕೊಂಡೆ.

ಏಳು ಗಂಟೆಯವರೆಗೆ ಕಾಯಬೇಕೆಂದು ಹಾಳೆಯಲ್ಲಿತ್ತು. ಆದರೆ ಸೂರ್ಯ ಮುಳುಗುವುದು ಆರೂವರೆಯ ಸುಮಾರಿಗೆ. ಕತ್ತಲಾದ ಮೇಲೆ ಕರೆ ಮಾಡಿದರೆ ಹುಡುಕುವವರಿಗೆ ಹಗಲಿನ ಬೆಳಕು ಉಳಿಯುವುದಿಲ್ಲ ಎಂಬ ಸರಳ ಲೆಕ್ಕವನ್ನು ಹಾಳೆ ಬರೆಯುವಾಗ ನಾವು ಯಾರೂ ಮಾಡಿರಲಿಲ್ಲ. ಐದೂವರೆಗೆ 1554ಕ್ಕೆ ಫೋನ್ ಮಾಡಿ, "ಸಹಾಯ ಬೇಕೆಂದಲ್ಲ, ಇಂಥ ದೋಣಿ ಇಷ್ಟು ಹೊತ್ತಿಗೆ ಸುದ್ದಿ ಕೊಡಬೇಕಿತ್ತು, ಕೊಟ್ಟಿಲ್ಲ" ಎಂದು ತಿಳಿಸಿದ್ದರೆ ಯಾರ ಮಾನವೂ ಹೋಗುತ್ತಿರಲಿಲ್ಲ. ನಾನು ಮಾಡಲಿಲ್ಲ. ಸುಮ್ಮನೆ ಗಾಬರಿ ಎಬ್ಬಿಸಿದೆನೆಂದು ಯಜಮಾನರು ಬೇಸರಪಟ್ಟಾರು ಎಂದುಕೊಂಡೆ. ದೋಣಿಯಲ್ಲಿ ಆ ಹುಡುಗಿಯ ಬಾಯಿ ಕಟ್ಟಿದ್ದು ಯಾವುದೋ, ಇಲ್ಲಿ ನನ್ನ ಕೈ ಕಟ್ಟಿದ್ದೂ ಅದೇ.

6.40ಕ್ಕೆ ಸಂದೇಶ ಬಂತು: "ಮೂವರೂ ಕ್ಷೇಮ. ದೋಣಿ ನಿಲ್ಲಿಸಿದ್ದೇವೆ. ಅಳಿವೆಗೆ ಹೋಗುವುದಿಲ್ಲ. ಗಾಳಿ ಇಳಿದ ಮೇಲೆ ಉತ್ತರಕ್ಕೆ." ಜೊತೆಗೆ ಇದ್ದ ಜಾಗದ ಅಕ್ಷಾಂಶ, ರೇಖಾಂಶ. ಇದಕ್ಕಿಂತ ಒಳ್ಳೆಯ ಸಂದೇಶ ಬರೆಯುವುದು ಕಷ್ಟ. ಎಲ್ಲಿದ್ದಾರೆ, ಹೇಗಿದ್ದಾರೆ, ಏನು ಮಾಡುವುದಿಲ್ಲ, ಏನು ಮಾಡುತ್ತಾರೆ, ಎಲ್ಲವೂ ಇತ್ತು.

ಉಳಿದದ್ದು ಬೇಗ ಹೇಳಬಹುದು. ಏಳೂಕಾಲರ ಹೊತ್ತಿಗೆ ಗಾಳಿ ಇಳಿಯಿತು. ಎಂಜಿನ್ ಹಾಕಿ ಉತ್ತರಕ್ಕೆ ಹೊರಟರು. ಒಂಬತ್ತೂವರೆಗೆ ನೆಲದ ಕಡೆಯಿಂದ ತಣ್ಣನೆಯ ಮೂಡುಗಾಳಿ ಎದ್ದಾಗ ಎಂಜಿನ್ ಆರಿಸಿ ಹಾಯಿಯಲ್ಲಿ ಬಂದರು. ಹನ್ನೊಂದೂವರೆಗೆ ತಮ್ಮ ಬಂದರಿನ ಹೊರಗೆ, ಗುಡ್ಡದ ಮರೆಯಲ್ಲಿ ಲಂಗರು ಹಾಕಿದರು. ಉಬ್ಬರ ಇತ್ತು, ನುಗ್ಗಬಹುದಿತ್ತು. ಕತ್ತಲಲ್ಲಿ ದಿಬ್ಬ ದಾಟುವುದು ಬೇಡವೆಂದರು. ಇದನ್ನು ಮೊದಲು ಹೇಳಿದವರು ಯಜಮಾನರು. ಮರುದಿನ ಒಂಬತ್ತೂವರೆಗೆ, ಉಬ್ಬರ ಏರುತ್ತಿರುವಾಗ, ಬೆಳಕಿನಲ್ಲಿ ಒಳಬಂದರು.

ಬದಲಾದದ್ದು

ಎರಡು ಭಾನುವಾರ ಚಿತ್ರದುರ್ಗದಲ್ಲಿ ಕುಳಿತು ಈ ಹದಿನಾರು ಗಂಟೆಗಳನ್ನು ನಿಮಿಷ ನಿಮಿಷವಾಗಿ ಬಿಡಿಸಿದೆವು. ಮೊದಲ ಭಾನುವಾರ ಮಾತು ಉಪಕರಣಗಳ ಸುತ್ತಲೇ ಸುತ್ತಿತು: ಎರಡನೆಯ ರೀಫಿನ ಹಗ್ಗ, ಬೂಮ್ ಹಿಡಿಯುವ ಹಗ್ಗ, ಉರುಳೆ. ಗಂಡಸರಿಗೆ ಉಪಕರಣದ ಮಾತು ಸುಲಭ. ಎರಡನೆಯ ಭಾನುವಾರ ತಂತ್ರಜ್ಞೆ, "1.40ಕ್ಕೆ ನಾನು ಕೇಳಿದೆನಲ್ಲ, ಅದನ್ನು ಬರೆಯುವುದಿಲ್ಲವೇ?" ಎಂದಳು. ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಮೇಷ್ಟರು ಹೇಳಿದರು: "ತರಗತಿಯಲ್ಲಿ ಕೈ ಎತ್ತಿದ ಮಗುವನ್ನು ಕೂರಿಸುವುದು ನನಗೆ ಅಭ್ಯಾಸ. ಅವತ್ತು ನಗುತ್ತ ಕೂರಿಸಿದೆ."

ಈಗ ಅವರ ದೋಣಿಯಲ್ಲಿ ಎರಡು ನಿಯಮ. ಗಾಳಿಮಾಪಕದ ಹಿಂಬದಿಗೆ ಕೆಂಪು ಪಟ್ಟಿ ಅಂಟಿಸಿ ಬರೆದಿದೆ: ಬೆನ್ನಿಗೆ 10, ಎದುರು 16. ಅಷ್ಟಾದರೆ ರೀಫ್, ಯಾರಿಗೆ ಹೇಗನಿಸಿದರೂ ಸರಿ. ಎರಡನೆಯದು, ಮೂವರಲ್ಲಿ ಯಾರೇ "ರೀಫ್" ಎಂದರೂ ಮೊದಲು ಹಾಕಬೇಕು, ಏಕೆಂದು ಆಮೇಲೆ ಕೇಳಬೇಕು. ನನ್ನ ಹಾಳೆಯೂ ಬದಲಾಗಿದೆ: 1554ಕ್ಕೆ ತಿಳಿಸುವ ಕರೆ ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು. ಬೆಳಗಿನ ಗಾಳಿಯ ಸಂಖ್ಯೆಯನ್ನು ಈಗ ಬರೆದು ಕಳುಹಿಸುತ್ತೇನೆ, ಅದಕ್ಕೆ ಬಾಲ ಸೇರಿಸುವುದಿಲ್ಲ.

ಮುಂದಿನ ಜನವರಿಯಲ್ಲಿ ಅವರು ಮತ್ತೆ ಹೊರಟಾಗ ನಾನೂ ಹೋಗಿದ್ದೆ. 12.50ಕ್ಕೆ ತಂತ್ರಜ್ಞೆ ಮಾಪಕ ನೋಡಿ "ರೀಫ್" ಎಂದಳು. ಯಜಮಾನರು ಹೊಸ ಟೊಪ್ಪಿಗೆಯನ್ನು ಒಳಗಿಟ್ಟು ಎದ್ದರು. ಕೆಲಸ ಮುಗಿದ ಹತ್ತು ನಿಮಿಷಕ್ಕೇ ಗಾಳಿ ಬಿದ್ದುಹೋಯಿತು, ಮಧ್ಯಾಹ್ನವಿಡೀ ಏಳಲೇ ಇಲ್ಲ. ಚಿಕ್ಕ ಹಾಯಿಯಲ್ಲಿ ಗಂಟೆಗೆ ಮೂರು ಮೈಲಿಯಂತೆ ತೆವಳುತ್ತಿದ್ದೆವು. ಪಕ್ಕದಲ್ಲಿ ಒಂದು ನಾಡದೋಣಿ ನಮ್ಮನ್ನು ದಾಟಿಕೊಂಡು ಹೋಯಿತು. ಯಜಮಾನರು ಎರಡು ಸಲ ಹಾಯಿಯನ್ನು ನೋಡಿದರು, ಏನೂ ಹೇಳಲಿಲ್ಲ. ಮೇಷ್ಟರು ಮಂಡಕ್ಕಿಯ ಡಬ್ಬಿ ತೆರೆದರು. ಈ ಸಲ ತಿರುಪಿನ ಮುಚ್ಚಳದ್ದು.